ರಾಜ್ಯದ ತೆರಿಗೆ ಇಳಿಯಬೇಕು, ಎಲ್ಲಿಂದ ಶುರು? – ಓದುಗರ ಪ್ರಶ್ನೆ, ನಮ್ಮ ಉತ್ತರ

ರಾಜ್ಯ ಸರ್ಕಾರ ಕಡಿಮೆ ತೆರಿಗೆ ಹಾಕಲಿ, ಕಡಿಮೆ ಕೆಲಸಕ್ಕೆ ಕೈಹಾಕಲಿ, ಹಾಕಿದ್ದನ್ನು ನೆಟ್ಟಗೆ ಮಾಡಲಿ ಎಂಬುದು ಈ ಅಂಕಣದ ನಿಲುವು. ಅದನ್ನು ಒಪ್ಪಿ ಬರೆದವರಿದ್ದಾರೆ, ಕೆರಳಿ ಬರೆದವರೂ ಇದ್ದಾರೆ. ಆಯ್ದ ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸಿದ್ದೇವೆ. ಬಜೆಟ್ ಅಂಕಿಗಳು 2025-26ರವು.

ಪ್ರಶ್ನೆ: ತೆರಿಗೆ ಎಂದರೆ ಈಗ ಜಿಎಸ್‌ಟಿ. ಅದನ್ನು ತೀರ್ಮಾನಿಸುವುದು ದೆಹಲಿ. ರಾಜ್ಯ ಸರ್ಕಾರದ ಮೇಲೆ ಸಿಟ್ಟು ಮಾಡಿ ಏನು ಬಂತು?
– ನಿವೃತ್ತ ಶಿಕ್ಷಕರು, ತುಮಕೂರು

ಜಿಎಸ್‌ಟಿ ಮಂಡಳಿಯಲ್ಲಿ ಕೇಂದ್ರದ ಮತಕ್ಕೆ ಮೂರನೇ ಒಂದು ಪಾಲು ತೂಕ, ಎಲ್ಲ ರಾಜ್ಯಗಳಿಗೂ ಸೇರಿ ಮೂರನೇ ಎರಡು ಪಾಲು. ಯಾವ ತೀರ್ಮಾನಕ್ಕೂ ನಾಲ್ಕನೇ ಮೂರರಷ್ಟು ಬೆಂಬಲ ಬೇಕು. ಆದ್ದರಿಂದ ಸೋಪು, ಸಿಮೆಂಟಿನ ದರವನ್ನು ಕರ್ನಾಟಕ ಒಂದೇ ಇಳಿಸಲಾರದು. ಅಷ್ಟರ ಮಟ್ಟಿಗೆ ನಿಮ್ಮ ಮಾತು ಸರಿ.

ಆದರೆ ವಿಧಾನಸೌಧದಲ್ಲೇ ನಿರ್ಧಾರವಾಗುವ ತೆರಿಗೆಗಳು ಬೇಕಾದಷ್ಟಿವೆ: ಪೆಟ್ರೋಲ್, ಡೀಸೆಲ್ ಮೇಲಿನ ಮಾರಾಟ ತೆರಿಗೆ, ಮದ್ಯದ ಮೇಲಿನ ಅಬಕಾರಿ, ಮುದ್ರಾಂಕ ಮತ್ತು ನೋಂದಣಿ ಶುಲ್ಕ, ವಾಹನ ತೆರಿಗೆ, ವಿದ್ಯುತ್ ಬಳಕೆ ತೆರಿಗೆ, ವೃತ್ತಿ ತೆರಿಗೆ. 2025-26ರ ಬಜೆಟ್‌ನಲ್ಲಿ ಅಬಕಾರಿಯಿಂದ 40,000 ಕೋಟಿ, ಮುದ್ರಾಂಕ ಮತ್ತು ನೋಂದಣಿಯಿಂದ 28,000 ಕೋಟಿ, ಸಾರಿಗೆಯಿಂದ 15,000 ಕೋಟಿ ರೂಪಾಯಿ ಗುರಿ ಇಟ್ಟಿದ್ದಾರೆ. ಇವುಗಳ ದರಕ್ಕೆ ದೆಹಲಿಯ ಅಪ್ಪಣೆ ಬೇಕಿಲ್ಲ. ಇಲ್ಲಿ ಏರಿಸಿದವರೂ ನಮ್ಮವರೇ, ಇಳಿಸಬೇಕಾದವರೂ ನಮ್ಮವರೇ. ಸಿಟ್ಟನ್ನು ಇಲ್ಲಿಗೆ ತಿರುಗಿಸಿದರೆ ಫಲ ಸಿಗುವ ಸಾಧ್ಯತೆ ಹೆಚ್ಚು.

ಪ್ರಶ್ನೆ: ಒಂದು ತೆರಿಗೆಯನ್ನು ಮಾತ್ರ ಇಳಿಸಬಹುದು ಎಂದಾದರೆ ಯಾವುದನ್ನು ಆರಿಸುತ್ತೀರಿ?
– ಗೃಹಿಣಿ, ಶಿವಮೊಗ್ಗ

ಮುದ್ರಾಂಕ ಮತ್ತು ನೋಂದಣಿ ಶುಲ್ಕ. ಯಾಕೆ ಎಂಬುದನ್ನು ಲೆಕ್ಕ ಬಿಡಿಸಿಯೇ ಹೇಳುತ್ತೇವೆ.

ನಗರದಲ್ಲಿ 50 ಲಕ್ಷ ರೂಪಾಯಿಯ ನಿವೇಶನ ಕೊಂಡಿರಿ ಎನ್ನಿ. ಮುದ್ರಾಂಕ ಶುಲ್ಕ ಶೇ 5, ಅಂದರೆ 2,50,000. ಆ ಶುಲ್ಕದ ಮೇಲೆ ಶೇ 10 ಸೆಸ್, 25,000. ಅದೇ ಶುಲ್ಕದ ಮೇಲೆ ಶೇ 2 ಸರ್‌ಚಾರ್ಜ್, 5,000. ಹಳ್ಳಿಯಾದರೆ ಸರ್‌ಚಾರ್ಜ್ ಶೇ 3, ಹಾಗಾಗಿ 7,500. ಆಮೇಲೆ ನೋಂದಣಿ ಶುಲ್ಕ. 2025ರ ಆಗಸ್ಟ್ 30ರ ತನಕ ಅದು ಶೇ 1 ಇತ್ತು, 31ರಿಂದ ಶೇ 2 ಆಯಿತು. ಅಲ್ಲಿಗೆ 1,00,000. ಒಟ್ಟು 3,80,000 ರೂಪಾಯಿ, ಬೆಲೆಯ ಶೇ 7.6. ಒಂದು ದಿನ ಮೊದಲು ನೋಂದಣಿ ಮಾಡಿಸಿದವರಿಗೆ ಇದೇ ನಿವೇಶನಕ್ಕೆ 3,30,000 ಸಾಕಾಗಿತ್ತು.

ಈ ಐವತ್ತು ಸಾವಿರ ಏತಕ್ಕೆ? ಐದು ಲಕ್ಷದ ಕ್ರಯಪತ್ರಕ್ಕೂ ಐವತ್ತು ಲಕ್ಷದ ಕ್ರಯಪತ್ರಕ್ಕೂ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನಡೆಯುವ ಕೆಲಸ ಒಂದೇ. ಫೋಟೊ, ಹೆಬ್ಬೆಟ್ಟು, ಸ್ಕ್ಯಾನು, ಸಂಖ್ಯೆ, ಸಹಿ. ಮೊದಲನೆಯವರಿಗೆ 10,000, ಎರಡನೆಯವರಿಗೆ ಒಂದು ಲಕ್ಷ. ಕಚೇರಿ ಮಾಡಿಕೊಟ್ಟ ಕೆಲಸದ ಖರ್ಚಿಗೆ ಸಂಬಂಧವೇ ಇಲ್ಲದ ಮೊತ್ತವನ್ನು ಶುಲ್ಕದ ತಲೆಬರಹದಲ್ಲಿ ವಸೂಲಿ ಮಾಡುವುದು ತೆರಿಗೆಯೇ. ನೆರೆಯ ಮಹಾರಾಷ್ಟ್ರದಲ್ಲಿ ನೋಂದಣಿ ಶುಲ್ಕ ಶೇ 1 ಇದ್ದರೂ 30,000 ರೂಪಾಯಿಗಿಂತ ಮೇಲೆ ಹೋಗುವಂತಿಲ್ಲ. ಅಲ್ಲಿನ ನಗರಗಳಲ್ಲಿ ಮುದ್ರಾಂಕ ಶುಲ್ಕ ಕಡಿಮೆಯೇನಲ್ಲ, ಅದನ್ನೂ ಹೇಳಬೇಕು. ಆದರೂ ನೋಂದಣಿಗೆ ಒಂದು ಮಿತಿ ಇಟ್ಟಿರುವುದು ಸರಿಯಾದ ಕ್ರಮ, ನಮ್ಮಲ್ಲೂ ಮೊದಲು ಕೇಳಬೇಕಾದದ್ದು ಅದನ್ನೇ.

ಈ ತೆರಿಗೆಯ ದೊಡ್ಡ ಕೆಡುಕು ಮೊತ್ತದಲ್ಲಿಲ್ಲ, ಅದು ಜನರಿಂದ ಮಾಡಿಸುವ ಕೆಲಸದಲ್ಲಿದೆ. ದರ ಏರಿದಷ್ಟೂ ಮಾರ್ಗಸೂಚಿ ಬೆಲೆ (ನೋಂದಣಿಗೆ ಸರ್ಕಾರ ನಿಗದಿ ಮಾಡುವ ಕನಿಷ್ಠ ಬೆಲೆ) ಎಷ್ಟೋ ಅಷ್ಟನ್ನೇ ಪತ್ರದಲ್ಲಿ ಬರೆಸಿ ಮಿಕ್ಕಿದ್ದನ್ನು ನಗದಾಗಿ ಕೊಡುವ ಆಸೆ ಹೆಚ್ಚುತ್ತದೆ. ಬ್ಯಾಂಕು ಪತ್ರದಲ್ಲಿರುವ ಬೆಲೆಗಷ್ಟೇ ಸಾಲ ಕೊಡುವುದರಿಂದ, ಪ್ರಾಮಾಣಿಕ ಸಂಬಳದಾರ ಆ ನಗದನ್ನು ಹೊಂದಿಸಲಾರದೆ ಹಿಂದೆ ಸರಿಯುತ್ತಾನೆ. ಇನ್ನು ಕೆಲವರು ಕ್ರಯಪತ್ರವನ್ನೇ ಬಿಟ್ಟು ಜಿಪಿಎ (ಮಾರುವವರು ಬರೆದುಕೊಡುವ ಅಧಿಕಾರಪತ್ರ) ಮತ್ತು ಕರಾರುಪತ್ರದಲ್ಲಿ ವ್ಯವಹಾರ ಮುಗಿಸುತ್ತಾರೆ. ಬರೆದುಕೊಟ್ಟವರು ತೀರಿಕೊಂಡ ಮೇಲೆ ಅವರ ಮಕ್ಕಳು ಬಂದು ಕದ ತಟ್ಟಿದಾಗ ಕೊಂಡವರ ಕೈಯಲ್ಲಿ ಶುದ್ಧ ಹಕ್ಕುಪತ್ರ ಇರುವುದಿಲ್ಲ. ಸಿವಿಲ್ ಕೋರ್ಟುಗಳಲ್ಲಿ ಕೊಳೆಯುತ್ತಿರುವ ಎಷ್ಟೋ ದಾವೆಗಳ ಬೇರು ಇಲ್ಲಿದೆ.

ಮಾರ್ಗಸೂಚಿ ಬೆಲೆಯನ್ನು 2023ರ ಅಕ್ಟೋಬರ್ 1ರಿಂದ ರಾಜ್ಯದಾದ್ಯಂತ ಏರಿಸಿದರು. ಅದು ಮಾರುಕಟ್ಟೆಯ ಬೆಲೆಗಿಂತ ಮೇಲೆ ಹೋದ ಬಡಾವಣೆಗಳಲ್ಲಿ ಪೆಟ್ಟು ಎರಡು ಕಡೆಯಿಂದ. ನಿಜವಾಗಿ ಕೊಟ್ಟ ಬೆಲೆಗಿಂತ ಮಾರ್ಗಸೂಚಿ ಬೆಲೆ ಶೇ 10ಕ್ಕಿಂತ ಹೆಚ್ಚಿದ್ದರೆ, ವ್ಯತ್ಯಾಸವನ್ನು ಆದಾಯ ತೆರಿಗೆಯವರು ಮಾರಿದವರ ಲಾಭಕ್ಕೂ ಸೇರಿಸುತ್ತಾರೆ, ಕೊಂಡವರ ಆದಾಯಕ್ಕೂ ಸೇರಿಸುತ್ತಾರೆ. ಹಾಗಾಗಿ ಕರಡು ಪಟ್ಟಿ ಪ್ರಕಟವಾದಾಗ ಸುಮ್ಮನಿರಬೇಡಿ. ಆಕ್ಷೇಪಣೆಗೆ ಸಿಗುವುದು ಸಾಮಾನ್ಯವಾಗಿ 15 ದಿನ. "ಬೆಲೆ ಜಾಸ್ತಿಯಾಯಿತು" ಎಂಬ ಒಂದು ಸಾಲಿನ ಅರ್ಜಿ ಕಸದ ಬುಟ್ಟಿಗೆ ಹೋಗುತ್ತದೆ. ಅದೇ ರಸ್ತೆಯ, ಕಳೆದ ಒಂದು ವರ್ಷದ ಮೂರ್ನಾಲ್ಕು ಕ್ರಯಪತ್ರಗಳ ನಕಲು, ಚದರ ಅಡಿಗೆ ಎಷ್ಟು ಬಿತ್ತು ಎಂಬ ಲೆಕ್ಕ, ರಸ್ತೆಯ ಅಗಲ, ಒಳಚರಂಡಿ ಇದೆಯೋ ಇಲ್ಲವೋ ಎಂಬ ವಿವರ ಲಗತ್ತಿಸಿ, ಸ್ವೀಕೃತಿ ಪಡೆಯಿರಿ. ಬಡಾವಣೆಯ ಸಂಘದಿಂದ ಕೊಟ್ಟರೆ ಇನ್ನೂ ತೂಕ.

ದರ ಇಳಿಸಿದರೆ ವ್ಯವಹಾರ ಹೆಚ್ಚುತ್ತದೆಯೇ? ಮಹಾರಾಷ್ಟ್ರ 2020ರ ಸೆಪ್ಟೆಂಬರ್‌ನಿಂದ ಡಿಸೆಂಬರ್ ತನಕ ಮುದ್ರಾಂಕ ಶುಲ್ಕವನ್ನು ಮೂರು ಶೇಕಡಾ ಅಂಶ, ಮುಂದಿನ ಮಾರ್ಚ್ ತನಕ ಎರಡು ಅಂಶ ಇಳಿಸಿತ್ತು. ಡಿಸೆಂಬರ್ ಕೊನೆಗೆ ಮುಂಬೈಯಲ್ಲಿ ನೋಂದಣಿಗೆ ಜನ ಮುಗಿಬಿದ್ದರು. ಇದನ್ನು ಉದಾಹರಿಸುವಾಗ ಎಚ್ಚರ ಬೇಕು. ಗಡುವು ಮುಗಿಯುತ್ತದೆಂದು ಮುಂದಿನ ವರ್ಷದ ಖರೀದಿಯನ್ನೇ ಈ ವರ್ಷಕ್ಕೆ ಎಳೆದುಕೊಂಡವರೂ ಅದರಲ್ಲಿದ್ದರು. ತಾತ್ಕಾಲಿಕ ಕಡಿತ ಕಾಲವನ್ನು ಹಿಂದೆಮುಂದೆ ಮಾಡುತ್ತದೆ. ಜನರ ನಡವಳಿಕೆ ಬದಲಾಗಬೇಕಾದರೆ ಕಡಿತ ಕಾಯಂ ಆಗಿರಬೇಕು.

ಪ್ರಶ್ನೆ: ಹುಬ್ಬಳ್ಳಿಯಿಂದ ಬೆಂಗಳೂರಿಗೆ ಲಾರಿ ಓಡಿಸುತ್ತೇವೆ. ಡೀಸೆಲ್ ತೆರಿಗೆ ಬಗ್ಗೆ ನೀವೇಕೆ ಮೊದಲು ಬರೆಯಲಿಲ್ಲ ಸರ್?
– ಲಾರಿ ಮಾಲೀಕರು, ಹುಬ್ಬಳ್ಳಿ

ನಿಮ್ಮ ದೂರು ನ್ಯಾಯವಾದದ್ದು. 2021ರ ನವೆಂಬರ್‌ನಲ್ಲಿ ಕೇಂದ್ರ ಅಬಕಾರಿ ಸುಂಕ ಇಳಿಸಿದಾಗ ರಾಜ್ಯವೂ ಲೀಟರಿಗೆ 7 ರೂಪಾಯಿ ಇಳಿಸಿತ್ತು. ಆಗ ಡೀಸೆಲ್ ಮೇಲಿನ ಮಾರಾಟ ತೆರಿಗೆ ಶೇ 14.34ಕ್ಕೆ ಬಂದಿತ್ತು. 2024ರ ಜೂನ್ 15ರಂದು ಅದು ಶೇ 18.44 ಆಯಿತು, 2025ರ ಏಪ್ರಿಲ್ 1ರಿಂದ ಶೇ 21.17. ಪೆಟ್ರೋಲ್ 2024ರ ಜೂನ್‌ನಲ್ಲಿ ಶೇ 25.92ರಿಂದ ಶೇ 29.84ಕ್ಕೆ ಏರಿತು.

ಎರಡು ಏರಿಕೆ ಸೇರಿ ಡೀಸೆಲ್‌ಗೆ ಲೀಟರಿಗೆ ಸುಮಾರು 5 ರೂಪಾಯಿ. ನಿಮ್ಮ ಲಾರಿ ಲೀಟರಿಗೆ 4 ಕಿ.ಮೀ. ಕೊಟ್ಟರೆ ಬೆಂಗಳೂರಿಗೆ ಒಂದು ಕಡೆಯ ಪ್ರಯಾಣಕ್ಕೆ ನೂರು ಲೀಟರ್ ಬೇಕು. ಅಲ್ಲಿಗೆ ಹೆಚ್ಚುವರಿ 500, ಹೋಗಿ ಬಂದರೆ ಸಾವಿರ. ಬಾಡಿಗೆ ಏರಿಸಿದರೆ ಆ ಸಾವಿರವನ್ನು ಈರುಳ್ಳಿ ಕೊಳ್ಳುವವರು ಕೊಡುತ್ತಾರೆ, ಏರಿಸದಿದ್ದರೆ ನೀವೇ ಕೊಡುತ್ತೀರಿ.

ಇಲ್ಲಿ ಹೆಚ್ಚು ಜನ ಗಮನಿಸದ ಒಂದು ಅಂಶವಿದೆ. ಈ ತೆರಿಗೆ ಶೇಕಡಾವಾರು. ಕೇಂದ್ರದ ಅಬಕಾರಿ ಸುಂಕವೂ ಸೇರಿದ ಬೆಲೆಯ ಮೇಲೆ ರಾಜ್ಯ ತನ್ನ ಪಾಲು ಹಾಕುತ್ತದೆ. ರಾಜ್ಯದ ತೆರಿಗೆಗೆ ಮುಂಚಿನ ಪೆಟ್ರೋಲ್ ಬೆಲೆ 80 ರೂಪಾಯಿ ಎಂದುಕೊಳ್ಳಿ, ಶೇ 29.84ರಂತೆ ತೆರಿಗೆ 23.87. ಅದೇ ಬೆಲೆ 90 ಆದರೆ ತೆರಿಗೆ 26.86. ಕಚ್ಚಾ ತೈಲ ದುಬಾರಿಯಾದ ದಿನವೇ ಸರ್ಕಾರಕ್ಕೆ ಲೀಟರಿಗೆ ಸುಮಾರು ಮೂರು ರೂಪಾಯಿ ಹೆಚ್ಚಿಗೆ ಬಂತು, ಯಾವ ಶಾಸಕರೂ ಕೈ ಎತ್ತಲಿಲ್ಲ. ಆದ್ದರಿಂದ ಬರೀ "ಇಳಿಸಿ" ಎನ್ನುವುದಕ್ಕಿಂತ, ಶೇಕಡಾವಾರು ತೆಗೆದು ಲೀಟರಿಗೆ ಇಷ್ಟೇ ರೂಪಾಯಿ ಎಂದು ನಿಗದಿ ಮಾಡಿ ಎಂದು ಕೇಳಿ. ಏರಿಸಬೇಕೆಂದರೆ ಆಗ ಸರ್ಕಾರ ಬಾಯಿಬಿಟ್ಟು ಹೇಳಲೇಬೇಕಾಗುತ್ತದೆ. ಈಗ ಏರಿಕೆಗೆ ಒಂದು ಅಧಿಸೂಚನೆ ಸಾಕು. ಇಂಧನ ತೆರಿಗೆಯ ಪ್ರತಿ ಏರಿಕೆಯೂ ಸದನದ ಮತಕ್ಕೆ ಬರಬೇಕು ಎಂಬುದನ್ನೂ ನಿಮ್ಮ ಸಂಘದ ಬೇಡಿಕೆಯಲ್ಲಿ ಸೇರಿಸಿ.

ದರ ಅತಿಯಾದರೆ ಹಣ ಗಡಿ ದಾಟುತ್ತದೆ. ಕಾರವಾರದ ವಾಹನಗಳು ಮಾಜಾಳಿ ದಾಟಿ ಗೋವಾದ ಪೋಳೆಂ ಕಡೆ ಟ್ಯಾಂಕ್ ತುಂಬಿಸುತ್ತವೆ. ಕೇರಳದಲ್ಲಿ ನಮಗಿಂತ ದರ ಹೆಚ್ಚು, ಹಾಗಾಗಿ ಕಾಸರಗೋಡಿನ ಕಡೆಯವರು ತಲಪಾಡಿಯಲ್ಲಿ ನಮ್ಮ ಬಂಕುಗಳಿಗೆ ಬರುತ್ತಾರೆ. ನೆರೆಯವರಿಗಿಂತ ದರ ಕಡಿಮೆ ಇರುವ ರಾಜ್ಯಕ್ಕೆ ನೆರೆಯವರ ದುಡ್ಡೂ ಬರುತ್ತದೆ ಎಂಬುದನ್ನು ಈ ಎರಡು ಗಡಿಗಳಲ್ಲೇ ಕಣ್ಣಾರೆ ಕಾಣಬಹುದು.

ಮತ್ತೊಂದು ವಿಷಯ. ರಾಜ್ಯದ ಸಾರಿಗೆ ನಿಗಮಗಳ ಬಸ್ಸುಗಳೂ ಈ ಡೀಸೆಲನ್ನೇ ಕುಡಿಯುತ್ತವೆ. ಇಂಧನ ಮತ್ತು ಸಂಬಳದ ಖರ್ಚಿನ ಕಾರಣ ಹೇಳಿ 2025ರ ಜನವರಿ 5ರಿಂದ ಬಸ್ ದರ ಶೇ 15 ಏರಿತು. ಮೂರು ತಿಂಗಳು ಕಳೆಯುವುದರೊಳಗೆ ಅದೇ ಸರ್ಕಾರ ಡೀಸೆಲ್ ತೆರಿಗೆ ಏರಿಸಿತು. ಟಿಕೆಟ್ ತೆಗೆದುಕೊಂಡು ಓಡಾಡುವ ಗಂಡಸರು ಎರಡು ಬಾರಿ ತೆತ್ತರು.

ಪ್ರಶ್ನೆ: ನಮ್ಮ ಬೇಕರಿಗೆ ಯುಪಿಐ ಲೆಕ್ಕ ಹಿಡಿದು ನೋಟಿಸ್ ಬಂದಿತ್ತು. ಈಗ ಗಿರಾಕಿಗಳಿಗೆ "ಕ್ಯಾಶ್ ಕೊಡಿ" ಎನ್ನುತ್ತಿದ್ದೇವೆ. ಇದು ತಪ್ಪೇ?
– ಬೇಕರಿ ಮಾಲೀಕರು, ದಾವಣಗೆರೆ

ಕ್ಯೂಆರ್ ಹಾಳೆ ಕಿತ್ತುಹಾಕಿದರೆ ತೊಂದರೆ ತಪ್ಪುವುದಿಲ್ಲ. ಹಳೆಯ ವರ್ಷಗಳ ಲೆಕ್ಕ ಆಗಲೇ ಇಲಾಖೆಯ ಕೈಯಲ್ಲಿದೆ. ಅದಕ್ಕಿಂತ ಹೆಚ್ಚಾಗಿ, ತೆರಿಗೆ ಕಡಿಮೆಯಾಗಲಿ ಎನ್ನುವವರು ತೆರಿಗೆ ತಪ್ಪಿಸುವವರ ಜೊತೆ ನಿಂತರೆ ನಮ್ಮ ವಾದ ಅಲ್ಲಿಗೇ ಸತ್ತಿತು.

ಕಾನೂನು ಹೀಗಿದೆ: ಸರಕು ಮಾರುವವರ ವಾರ್ಷಿಕ ವಹಿವಾಟು 40 ಲಕ್ಷ ದಾಟಿದರೆ, ಸೇವೆ ಕೊಡುವವರದು 20 ಲಕ್ಷ ದಾಟಿದರೆ ನೋಂದಣಿ ಕಡ್ಡಾಯ. ಬರೀ ವಿನಾಯಿತಿ ಇರುವ ವಸ್ತುಗಳನ್ನೇ, ಅಂದರೆ ತರಕಾರಿ, ಹಣ್ಣು, ಬಿಡಿ ಹಾಲು ಮಾರುವವರಿಗೆ ವಹಿವಾಟು ಎಷ್ಟಿದ್ದರೂ ನೋಂದಣಿ ಬೇಡ. ಎಡವುವುದು ಎರಡನ್ನೂ ಮಾರುವವರು. ಹಾಲಿನ ಪಕ್ಕದಲ್ಲಿ ಕೇಕು, ಬಿಸ್ಕತ್ತು ಇಟ್ಟರೆ, 40 ಲಕ್ಷದ ಮಿತಿ ನೋಡುವಾಗ ಹಾಲಿನ ವಹಿವಾಟೂ ಲೆಕ್ಕಕ್ಕೆ ಬರುತ್ತದೆ. ತೆರಿಗೆ ಬೀಳುವುದು ಕೇಕು, ಬಿಸ್ಕತ್ತಿಗೆ ಮಾತ್ರ. ಇದು ಗೊತ್ತಿಲ್ಲದೆ ಅನೇಕರು ಗಾಬರಿಯಾದರು.

ನೋಟಿಸಿಗೆ ಉತ್ತರ ಕೊಡುವಾಗ ಖಾತೆಗೆ ಬಂದ ಹಣವನ್ನು ನಾಲ್ಕು ಭಾಗ ಮಾಡಿ: ತೆರಿಗೆ ಇರುವ ಮಾರಾಟ, ವಿನಾಯಿತಿ ಇರುವ ಮಾರಾಟ, ಸಂಬಂಧಿಕರಿಂದ ಬಂದ ಕೈಸಾಲ ಮತ್ತು ಮರುಪಾವತಿ, ನಿಮ್ಮದೇ ಇನ್ನೊಂದು ಖಾತೆಯಿಂದ ಬಂದದ್ದು. ಮೊದಲೆರಡು ಮಾತ್ರ ವಹಿವಾಟು. ಹಾಲಿನ ಡೇರಿಯ ಬಿಲ್ಲುಗಳು, ಬ್ಯಾಂಕ್ ಸ್ಟೇಟ್‌ಮೆಂಟ್ ಜೊತೆಗಿಡಿ. ಸುಮ್ಮನಿದ್ದು ಗಡುವು ಮೀರಿಸಬೇಡಿ, ಉತ್ತರ ಬಾರದಿದ್ದರೆ ಅಧಿಕಾರಿ ಪೂರ್ತಿ ಮೊತ್ತವನ್ನೇ ವಹಿವಾಟು ಎಂದು ಹಿಡಿಯುತ್ತಾರೆ. ಮುಂದಕ್ಕೆ, ವಹಿವಾಟು ಒಂದೂವರೆ ಕೋಟಿಯೊಳಗಿದ್ದರೆ ರಾಜಿ ತೆರಿಗೆ ಪದ್ಧತಿ ಇದೆ. ವ್ಯಾಪಾರಿಗೆ ಶೇ 1, ಕೂತು ತಿನ್ನುವ ಹೋಟೆಲಿಗೆ ಶೇ 5. ಮೂರು ತಿಂಗಳಿಗೊಮ್ಮೆ ಪಾವತಿ, ವರ್ಷಕ್ಕೊಂದು ರಿಟರ್ನ್. ಗಿರಾಕಿಯಿಂದ ತೆರಿಗೆ ಬೇರೆಯಾಗಿ ವಸೂಲಿ ಮಾಡುವಂತಿಲ್ಲ.

ಇಲಾಖೆಯ ಕಡೆಯ ತಪ್ಪೂ ದೊಡ್ಡದೇ. ನಾಲ್ಕು ವರ್ಷ ಸುಮ್ಮನಿದ್ದು 2025ರ ಜುಲೈನಲ್ಲಿ ಒಮ್ಮೆಗೇ ಹಳೇ ಬಾಕಿಯ ನೋಟಿಸ್ ಕಳಿಸಿದರೆ, ದಿನಕ್ಕೆ ನೂರು ಜನರಿಗೆ ಪಫ್ ಮಾರುವವರು ಎಲ್ಲಿಂದ ತಂದಾರು? ಪ್ರತಿಭಟನೆಯಾದ ಮೇಲೆ, ನೋಂದಣಿ ಮಾಡಿಸಿಕೊಂಡರೆ ಹಳೆಯ ಬಾಕಿ ಕೇಳುವುದಿಲ್ಲ ಎಂದು ಮುಖ್ಯಮಂತ್ರಿಯೇ ಹೇಳಬೇಕಾಯಿತು. ಮಿತಿ ದಾಟಿದ ವರ್ಷವೇ ಒಂದು ತಿಳಿವಳಿಕೆ ಪತ್ರ ಹೋಗಿದ್ದರೆ ಇಷ್ಟು ರಂಪ ಆಗುತ್ತಿರಲಿಲ್ಲ. ಸರ್ಕಾರಕ್ಕೆ ಮಿತಿ ಇರಬೇಕು ಎಂದು ನಾವು ಹೇಳುವಾಗ ದರದ ಮಿತಿಯಷ್ಟೇ ಅಲ್ಲ, ಹಿಂದಕ್ಕೆ ಎಷ್ಟು ವರ್ಷ ಕೈಚಾಚಬಹುದು ಎಂಬ ಮಿತಿಯೂ ಸೇರಿದೆ.

ಪ್ರಶ್ನೆ: ನೇರವಾಗಿ ಕೇಳುತ್ತೇನೆ. ತೆರಿಗೆ ಇಳಿಸಿ ಎನ್ನುವವರು ಗ್ಯಾರಂಟಿ ಯೋಜನೆ ನಿಲ್ಲಿಸಿ ಎಂದು ಹೇಳಲು ದಾರಿ ಹುಡುಕುತ್ತಿದ್ದೀರಿ ತಾನೆ? ಎರಡು ಸಾವಿರ ರೂಪಾಯಿಯ ಬೆಲೆ ನಿಮಗೇನು ಗೊತ್ತು?
– ಅಂಗನವಾಡಿ ಕಾರ್ಯಕರ್ತೆ, ರಾಯಚೂರು

ಅಮ್ಮಾ, ಗೃಹಲಕ್ಷ್ಮಿಯ ಎರಡು ಸಾವಿರವನ್ನು ಮೊದಲು ನಿಲ್ಲಿಸಿ ಎಂದು ನಾವು ಹೇಳುವುದಿಲ್ಲ. ಬಡವರಿಗೆ ಕೊಡುವುದಿದ್ದರೆ ನಗದಾಗಿ ಕೈಗೆ ಕೊಡುವುದೇ ಕಡಿಮೆ ಹಸ್ತಕ್ಷೇಪದ ದಾರಿ. ಸೀರೆ, ಸೈಕಲ್ಲು, ಕಿಟ್ಟು ಎಂದು ಟೆಂಡರ್ ಕರೆದು ಹಂಚುವುದಕ್ಕಿಂತ ನೂರು ಪಾಲು ಮೇಲು, ಯಾಕೆಂದರೆ ಏನು ಕೊಳ್ಳಬೇಕೆಂದು ನಿರ್ಧರಿಸುವವರು ನೀವು.

ನಮ್ಮ ತಕರಾರು ಎರಡು. ಐದು ಗ್ಯಾರಂಟಿಗಳಿಗೆ ಇಟ್ಟಿರುವ ಹಣ 51,034 ಕೋಟಿ. ಅದರಲ್ಲಿ ಗೃಹಲಕ್ಷ್ಮಿಗೆ ಆದಾಯ ತೆರಿಗೆ ಕಟ್ಟುವ ಮನೆಗಳು ಬರುವುದಿಲ್ಲ. ಗೃಹಜ್ಯೋತಿಗೆ ಆ ಮಿತಿ ಇಲ್ಲ. ತಿಂಗಳಿಗೆ ಒಂದೂವರೆ ಲಕ್ಷ ಸಂಬಳ ತರುವವರ ಮನೆಯಲ್ಲೂ ಬಳಕೆ 200 ಯೂನಿಟ್‌ನೊಳಗೆ, ಆ ಮನೆಗೆ ನಿಗದಿಯಾದ ಮಿತಿಯಲ್ಲಿದ್ದರೆ ಬಿಲ್ ಸೊನ್ನೆ. ಆ ಸೊನ್ನೆಗೆ ದುಡ್ಡು ಹೊಂದಿಸುವವರಲ್ಲಿ ನಿಮ್ಮೂರಿನಲ್ಲಿ ಟಂಟಂ ಹತ್ತಿ ಕೂಲಿಗೆ ಹೋಗುವವರೂ ಇದ್ದಾರೆ, ಅದರ ಡೀಸೆಲ್ ತೆರಿಗೆಯ ಮೂಲಕ. ಗೃಹಲಕ್ಷ್ಮಿಯ ಮಿತಿಯನ್ನೇ ಗೃಹಜ್ಯೋತಿಗೂ ತಂದು, ಉಳಿದದ್ದನ್ನು ಡೀಸೆಲ್ ತೆರಿಗೆ ಇಳಿಸಲು ಬಳಸಿ ಎಂಬುದು ನಮ್ಮ ಮೊದಲ ಮಾತು.

ಎರಡನೆಯದು ಸಾಲ. 2025-26ಕ್ಕೆ ರಾಜ್ಯ ಎತ್ತಲು ಹೊರಟ ಸಾಲ 1,16,000 ಕೋಟಿ. ಅಂದಾಜಿಸಿದ ರಾಜಸ್ವ ಕೊರತೆ 19,262 ಕೋಟಿ. ಅಂದರೆ ಅಷ್ಟು ಹಣ ಸೇತುವೆಗೋ ಕಾಲುವೆಗೋ ಅಲ್ಲ, ದಿನನಿತ್ಯದ ಖರ್ಚಿಗೆ ಸಾಲವಾಗಿ ಹೋಗುತ್ತದೆ. ಒಟ್ಟು ಹೊಣೆಗಾರಿಕೆ, ಅಂದರೆ ರಾಜ್ಯ ತೀರಿಸಬೇಕಾದ ಸಾಲವೆಲ್ಲ ಸೇರಿ, ರಾಜ್ಯದ ಒಟ್ಟು ಉತ್ಪನ್ನದ ಶೇ 24.91. ವಿತ್ತೀಯ ಹೊಣೆಗಾರಿಕೆ ಕಾಯ್ದೆಯನ್ನು 2002ರಲ್ಲಿ ದೇಶದಲ್ಲೇ ಮೊದಲು ಮಾಡಿಕೊಂಡ ರಾಜ್ಯ ನಮ್ಮದು, ಅದರ ಮಿತಿ ಶೇ 25. ಗೋಡೆಗೆ ಬೆನ್ನು ತಾಗುವಷ್ಟು ಹತ್ತಿರ ಬಂದಿದ್ದೇವೆ. ಇವತ್ತಿನ ಸಾಲ ನಿಮ್ಮ ಅಂಗನವಾಡಿಯ ಮಕ್ಕಳು ಮುಂದೆ ಕಟ್ಟುವ ತೆರಿಗೆ.

ಪ್ರಶ್ನೆ: ಶಾಸಕರ ಸಂಬಳ ದುಪ್ಪಟ್ಟು ಮಾಡಿಕೊಂಡರಲ್ಲ, ಅದನ್ನು ನಿಲ್ಲಿಸಿದರೆ ಸಾಲದೆ?
– ರೈತರು, ಮಂಡ್ಯ

ಸಾಲದು. 2025ರ ಮಾರ್ಚ್‌ನಲ್ಲಿ ಸಂಬಳ ಏರಿಸಿಕೊಂಡದ್ದು ಸರಿ ಕಾಣುವುದಿಲ್ಲ, ಆದರೆ ನಾಲ್ಕು ಲಕ್ಷ ಕೋಟಿಯ ಬಜೆಟ್‌ನಲ್ಲಿ ಅದು ಎಳ್ಳಷ್ಟು. ಏಳನೇ ವೇತನ ಆಯೋಗವನ್ನು 2024ರ ಆಗಸ್ಟ್‌ನಲ್ಲಿ ಜಾರಿ ಮಾಡಿದ್ದಕ್ಕೆ ವರ್ಷಕ್ಕೆ 20,208 ಕೋಟಿ ಹೆಚ್ಚುವರಿ ಹೊರೆ ಬಿತ್ತು. ಸಂಬಳ, ಪಿಂಚಣಿ, ಬಡ್ಡಿ, ಸಬ್ಸಿಡಿ, ಈ ನಾಲ್ಕನ್ನು ಮುಟ್ಟದೆ ತೆರಿಗೆ ಇಳಿಸುತ್ತೇನೆ ಎನ್ನುವ ರಾಜಕಾರಣಿಯನ್ನು ನಂಬಬೇಡಿ.

ಪ್ರಶ್ನೆ: ಸರ್ಕಾರ ಚಿಕ್ಕದಾದರೆ ನಮ್ಮೂರ ಶಾಲೆ, ಆಸ್ಪತ್ರೆ ಮುಚ್ಚುತ್ತವೆ. ಖಾಸಗಿಯವರು ಕಾಡಂಚಿನ ಊರಿಗೆ ಬರುತ್ತಾರೆಯೇ?
– ಗ್ರಾಮ ಪಂಚಾಯಿತಿ ಸದಸ್ಯೆ, ಎಚ್.ಡಿ. ಕೋಟೆ

ಬರುವುದಿಲ್ಲ. ಅದಕ್ಕೇ ನಿಮ್ಮ ಶಾಲೆ, ಆಸ್ಪತ್ರೆ ಸರ್ಕಾರದ ಮೊದಲ ಕೆಲಸಗಳು. ಪೊಲೀಸು, ನ್ಯಾಯಾಲಯ, ಭೂದಾಖಲೆ, ರಸ್ತೆ, ಪ್ರಾಥಮಿಕ ಶಾಲೆ, ಆರೋಗ್ಯ ಕೇಂದ್ರ. ನಾವು ಚಿಕ್ಕದು ಮಾಡಿ ಎನ್ನುವುದು ಇವನ್ನಲ್ಲ. ರಾಜ್ಯದಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಮಂಜೂರಾದ ಹುದ್ದೆಗಳು ಖಾಲಿ ಇವೆ, ನಿಮ್ಮೂರಿನ ಮೇಷ್ಟರ ಹುದ್ದೆ ಅದರಲ್ಲಿರಬಹುದು. ಖಾಲಿ ಉಳಿಯದೆ ತುಂಬುವುದು ನಿಗಮ ಮಂಡಳಿಯ ಅಧ್ಯಕ್ಷ ಗಾದಿಗಳು.

2003ರ ಸಂವಿಧಾನ ತಿದ್ದುಪಡಿ ಮಂತ್ರಿಮಂಡಲದ ಗಾತ್ರವನ್ನು ವಿಧಾನಸಭೆಯ ಶೇ 15ಕ್ಕೆ ಕಟ್ಟಿಹಾಕಿತು. 224 ಸ್ಥಾನಗಳ ನಮ್ಮ ಸದನಕ್ಕೆ ಮುಖ್ಯಮಂತ್ರಿ ಸೇರಿ 34. ಮಂತ್ರಿ ಮಾಡಲಾಗದವರಿಗೆ ನಿಗಮ ಕೊಟ್ಟು ಸಂಪುಟ ದರ್ಜೆ ಹಚ್ಚುವ ದಾರಿ ಅಂದಿನಿಂದ ಅಗಲವಾಯಿತು. ಈ ವಿಷಯದಲ್ಲಿ ಎಲ್ಲ ಪಕ್ಷಗಳದ್ದೂ ಒಂದೇ ನಡೆ. 2024ರ ಜನವರಿಯಲ್ಲಿ ಮೂವತ್ತಕ್ಕೂ ಹೆಚ್ಚು ಶಾಸಕರು ಒಂದೇ ಪಟ್ಟಿಯಲ್ಲಿ ಅಧ್ಯಕ್ಷರಾದರು. ಕಾರು, ಕಚೇರಿ, ಆಪ್ತ ಸಹಾಯಕರ ಖರ್ಚಿಗಿಂತ ದೊಡ್ಡ ನಷ್ಟ ಬೇರೆ: ಅಧ್ಯಕ್ಷರಿದ್ದಾರೆಂಬ ಕಾರಣಕ್ಕೆ ಕೆಲಸ ಮುಗಿದ ನಿಗಮವೂ ಬಾಗಿಲು ಹಾಕುವುದಿಲ್ಲ.

ಸರ್ಕಾರಿ ಕಾರ್ಖಾನೆಗಳನ್ನೂ ಹೀಗೇ ನೋಡಬೇಕು. ವಿದ್ಯುತ್ ಉಪಕರಣ ತಯಾರಿಸುತ್ತಿದ್ದ ಬೈಯಪ್ಪನಹಳ್ಳಿಯ ಎನ್‌ಜಿಇಎಫ್ 2002ರಲ್ಲಿ ಮುಚ್ಚಿತು. ಭದ್ರಾವತಿಯ ಕಾಗದ ಕಾರ್ಖಾನೆ ಎಂಪಿಎಂ 2015ರಲ್ಲಿ ಯಂತ್ರ ನಿಲ್ಲಿಸಿತು. ಕಾರ್ಮಿಕರಿಗೆ ಕಾಲಕ್ಕೆ ಸರಿಯಾಗಿ ಬಾಕಿ ಚುಕ್ತಾ ಮಾಡಿ, ಯಂತ್ರ ಮತ್ತು ಜಾಗವನ್ನು ಬಹಿರಂಗ ಹರಾಜಿಗಿಟ್ಟಿದ್ದರೆ ಕಾರ್ಮಿಕರಿಗೂ ಊರಿಗೂ ಒಳ್ಳೆಯದಿತ್ತು. ಮೈಸೂರು ಸ್ಯಾಂಡಲ್ ಸೋಪಿನ ಕಂಪನಿ ಲಾಭದಲ್ಲಿದೆಯಲ್ಲ ಎಂದು ನೀವು ಕೇಳಬಹುದು. ಇದೆ, ಅದನ್ನು ಮುಚ್ಚಿ ಎಂದು ಯಾರೂ ಹೇಳುತ್ತಿಲ್ಲ. ಅದರ ಷೇರುಗಳಲ್ಲಿ ಒಂದು ಪಾಲನ್ನು ಜನರಿಗೆ ಮಾರಿ, ಬಂದ ಹಣದಲ್ಲಿ ಸಾಲ ತೀರಿಸಬಹುದು.

ಪ್ರಶ್ನೆ: ಅಮೆರಿಕದ ಕ್ಯಾನ್ಸಸ್ ರಾಜ್ಯ ತೆರಿಗೆ ಇಳಿಸಿ ದಿವಾಳಿಯಂಚಿಗೆ ಹೋಯಿತು ಎಂದು ತರಗತಿಯಲ್ಲಿ ಹೇಳಿದರು. ನಿಮ್ಮ ಉತ್ತರವೇನು?
– ಅರ್ಥಶಾಸ್ತ್ರ ವಿದ್ಯಾರ್ಥಿನಿ, ಬೆಂಗಳೂರು

ಕ್ಯಾನ್ಸಸ್ ಎಡವಿದ್ದು ನಿಜ, ಕಡಿಮೆ ತೆರಿಗೆಯ ಪರ ಇರುವವರು ಅದನ್ನು ಮುಚ್ಚಿಡಬಾರದು. 2012ರಲ್ಲಿ ಗವರ್ನರ್ ಸ್ಯಾಮ್ ಬ್ರೌನ್‌ಬ್ಯಾಕ್ ಸಹಿ ಹಾಕಿದ ಕಾಯ್ದೆ ಆದಾಯ ತೆರಿಗೆಯ ಅತಿ ಹೆಚ್ಚಿನ ದರವನ್ನು ಶೇ 6.45ರಿಂದ 4.9ಕ್ಕೆ ಇಳಿಸಿತು. ಅಲ್ಲಿಗೇ ನಿಂತಿದ್ದರೆ ಬಹುಶಃ ಸುಧಾರಿಸಿಕೊಳ್ಳಬಹುದಿತ್ತು. ಆದರೆ ಅದೇ ಕಾಯ್ದೆ ಸಣ್ಣ ಕಂಪನಿಗಳ ಮೂಲಕ ಮಾಲೀಕರಿಗೆ ಬರುವ ಲಾಭಕ್ಕೆ ತೆರಿಗೆಯನ್ನೇ ತೆಗೆದುಹಾಕಿತು. ಸಂಬಳಕ್ಕೆ ತೆರಿಗೆ, ಅದೇ ಹಣ ಕಂಪನಿಯ ಹೆಸರಲ್ಲಿ ಬಂದರೆ ಸೊನ್ನೆ ಎಂದ ಮೇಲೆ, ಆದಾಯವನ್ನು ಆ ದಾರಿಗೆ ತಿರುಗಿಸಿಕೊಳ್ಳುವವರು ಇದ್ದೇ ಇರುತ್ತಾರೆ. ಖರ್ಚನ್ನು ಅದಕ್ಕೆ ಸರಿಯಾಗಿ ಇಳಿಸಲಿಲ್ಲ, ಹೆದ್ದಾರಿ ನಿಧಿಯಿಂದ ತೆಗೆದು ತೂತು ಮುಚ್ಚಿದರು. 2017ರಲ್ಲಿ ಅವರ ಪಕ್ಷದವರೇ ಬಹುಮತದಲ್ಲಿದ್ದ ಶಾಸನಸಭೆ ಗವರ್ನರರ ವೀಟೊ ಮೀರಿ ಕಡಿತವನ್ನು ವಾಪಸ್ ಪಡೆಯಿತು.

ಅಮೆರಿಕದ್ದೇ ಇನ್ನೊಂದು ರಾಜ್ಯ ನಾರ್ತ್ ಕ್ಯಾರೊಲಿನಾ 2013ರಲ್ಲಿ ಬೇರೆ ದಾರಿ ಹಿಡಿಯಿತು. ಮೊದಲು ವಿನಾಯಿತಿಗಳನ್ನು ಕತ್ತರಿಸಿ, ಶೇ 7.75ರ ತನಕ ಹೋಗುತ್ತಿದ್ದ ಹಲವು ದರಗಳ ಬದಲು 2014ರಲ್ಲಿ ಶೇ 5.8ರ ಒಂದೇ ದರ ತಂದಿತು. ಆಮೇಲೆ ಮೆಟ್ಟಿಲು ಮೆಟ್ಟಿಲಾಗಿ ಇಳಿಸುತ್ತ 2025ಕ್ಕೆ ಶೇ 4.25ಕ್ಕೆ ತಂದಿತು. ಖರ್ಚಿನ ಬೆಳವಣಿಗೆಯನ್ನು ಬಿಗಿ ಹಿಡಿದದ್ದೇ ಅದನ್ನು ಉಳಿಸಿತು.

ಕೊಲರಾಡೊದ್ದು ಮೂರನೇ ಮಾದರಿ. 1992ರಲ್ಲಿ ಮತದಾರರೇ ಸಂವಿಧಾನ ತಿದ್ದಿ, ಸರ್ಕಾರದ ಆದಾಯ ಜನಸಂಖ್ಯೆ ಮತ್ತು ಬೆಲೆಯೇರಿಕೆ ಸೇರಿದಷ್ಟಕ್ಕಿಂತ ಹೆಚ್ಚು ಬೆಳೆದರೆ ಮಿಕ್ಕಿದ್ದನ್ನು ಜನರಿಗೆ ವಾಪಸ್ ಕೊಡಬೇಕು, ಹೊಸ ತೆರಿಗೆಗೆ ಜನಮತ ಬೇಕು ಎಂದು ಬರೆದರು. ಅದರ ದೋಷವೂ ತಿಳಿದಿರಲಿ: ಹಿಂಜರಿತದ ವರ್ಷದಲ್ಲಿ ಆದಾಯ ಕುಸಿದರೆ ಮುಂದಿನ ಮಿತಿ ಆ ಕುಸಿದ ಮಟ್ಟದಿಂದಲೇ ಶುರುವಾಗುತ್ತಿತ್ತು. 2005ರಲ್ಲಿ ಮತದಾರರೇ ಐದು ವರ್ಷ ಸಡಿಲಿಸಬೇಕಾಯಿತು. ನಮ್ಮಲ್ಲಿ ಸಾಲಕ್ಕೆ ಮಿತಿ ಇದೆ, ಖರ್ಚಿನ ಬೆಳವಣಿಗೆಗೆ ಇಲ್ಲ. 2002ರ ಕಾಯ್ದೆಗೆ ಅದೊಂದು ಕಲಂ ಸೇರಿಸಿ, ಲೆಕ್ಕವನ್ನು ಒಂದು ವರ್ಷಕ್ಕಲ್ಲದೆ ಐದು ವರ್ಷದ ಸರಾಸರಿಗೆ ಕಟ್ಟಿದರೆ ಕೊಲರಾಡೊದ ದೋಷ ತಪ್ಪುತ್ತದೆ.

ಪ್ರಶ್ನೆ: ಕಾರಿನ ಆಜೀವ ತೆರಿಗೆ ನಮ್ಮಲ್ಲಿ ಅತಿಯಾಯಿತಲ್ಲವೆ? ಪುದುಚೇರಿಯಲ್ಲಿ ನೋಂದಣಿ ಮಾಡಿಸಿದರೆ ಉಳಿಯುತ್ತದೆ ಎನ್ನುತ್ತಾರೆ.
– ಓದುಗರು, ಮಂಗಳೂರು

ಐದು ಲಕ್ಷದೊಳಗಿನ ಕಾರಿಗೆ ಶೇ 13, ಹತ್ತರೊಳಗೆ 14, ಇಪ್ಪತ್ತರೊಳಗೆ 17, ಅದರ ಮೇಲೆ 18. ಹನ್ನೆರಡು ಲಕ್ಷದ ಕಾರಿಗೆ 2,04,000 ರೂಪಾಯಿ, ಅದರ ಮೇಲೆ ಸೆಸ್ ಬೇರೆ. ದೇಶದಲ್ಲಿ ಇದು ಮೇಲಿನ ಸಾಲಿನ ದರ. ಆದರೆ ಪುದುಚೇರಿಯ ಸುಳ್ಳು ವಿಳಾಸದ ದಾರಿ ಹಿಡಿಯಬೇಡಿ. ಇನ್ನೊಂದು ರಾಜ್ಯದಲ್ಲಿ ಹನ್ನೆರಡು ತಿಂಗಳಿಗಿಂತ ಹೆಚ್ಚು ಇಟ್ಟುಕೊಂಡ ವಾಹನಕ್ಕೆ ಅಲ್ಲಿನ ನೋಂದಣಿ ಸಂಖ್ಯೆ ಪಡೆಯಬೇಕೆಂದು ಮೋಟಾರು ವಾಹನ ಕಾಯ್ದೆಯ ಕಲಂ 47 ಹೇಳುತ್ತದೆ. ಸಿಕ್ಕಿಬಿದ್ದರೆ ತೆರಿಗೆಯ ಜೊತೆ ದಂಡ, ವಾಹನ ಜಪ್ತಿ. ದರ ಇಳಿಸಲು ಹೋರಾಡಿ, ವಿಳಾಸ ಬದಲಿಸಲು ಅಲ್ಲ.

ಪ್ರಶ್ನೆ: ತಿಂಗಳಿಗೆ 200 ರೂಪಾಯಿ ವೃತ್ತಿ ತೆರಿಗೆ ದೊಡ್ಡ ವಿಷಯವೇ?
– ಗಾರ್ಮೆಂಟ್ಸ್ ಘಟಕದ ಲೆಕ್ಕಿಗರು, ದೊಡ್ಡಬಳ್ಳಾಪುರ

ಮೊತ್ತ ಸಣ್ಣದು. ಸಂವಿಧಾನದ 276ನೇ ವಿಧಿ ವರ್ಷಕ್ಕೆ 2,500ರ ಮಿತಿ ಹಾಕಿದೆ, ಆ ಮಿತಿ ಮುಟ್ಟಲೆಂದೇ 2025ರಿಂದ ಫೆಬ್ರುವರಿಯಲ್ಲಿ 300 ಮಾಡಿದರು. ತಿಂಗಳ ಸಂಬಳ 25,000 ಮುಟ್ಟಿದವರಿಗೆ ಅನ್ವಯ. ನಿಮಗೆ ಗೊತ್ತಿರುವಂತೆ ಕಿರಿಕಿರಿ ಇರುವುದು ಕಡಿತ, ಪಾವತಿ, ರಿಟರ್ನುಗಳಲ್ಲಿ. ಒಂದು ತಿಂಗಳು ತಪ್ಪಿದರೆ ಬಡ್ಡಿ. ದೆಹಲಿ, ಹರಿಯಾಣ, ಉತ್ತರ ಪ್ರದೇಶ, ರಾಜಸ್ಥಾನಗಳು ಈ ತೆರಿಗೆ ಇಲ್ಲದೆಯೇ ಬದುಕಿವೆ. ಪೂರ್ತಿ ರದ್ದು ಮಾಡಬಹುದಾದ ತೆರಿಗೆ ಇದೇ ಮೊದಲನೆಯದು.

ಪ್ರಶ್ನೆ: ನಾವು ಹತ್ತು ಜನ ವ್ಯಾಪಾರಿಗಳು ಸೇರಿ ಶಾಸಕರ ಬಳಿ ಹೋಗಬೇಕೆಂದಿದ್ದೇವೆ. ಏನು ಒಯ್ಯಬೇಕು, ಯಾವಾಗ ಹೋಗಬೇಕು?
– ವರ್ತಕರ ಸಂಘ, ಗದಗ

ಬಜೆಟ್ ಮಂಡನೆಯಾಗುವುದು ಸಾಮಾನ್ಯವಾಗಿ ಫೆಬ್ರುವರಿ, ಮಾರ್ಚಿನಲ್ಲಿ. ಆ ವಾರ ಹೋದರೆ ಫೋಟೊ ಸಿಗುತ್ತದೆ, ಫಲ ಸಿಗುವುದಿಲ್ಲ. ಇಲಾಖೆಗಳ ಅಂದಾಜು ತಯಾರಾಗುವುದು ವರ್ಷದ ಕೊನೆಯ ತಿಂಗಳುಗಳಲ್ಲಿ, ಬಜೆಟ್ ಪೂರ್ವ ಸಭೆಗಳು ಮಂಡನೆಗೆ ಮುಂಚಿನ ವಾರಗಳಲ್ಲಿ. ಹಾಗಾಗಿ ನವೆಂಬರ್‌ನಲ್ಲೇ ಹೋಗಿ.

ಒಂದೇ ತೆರಿಗೆ ಆರಿಸಿಕೊಳ್ಳಿ. ಹತ್ತು ಬೇಡಿಕೆಯ ಮನವಿಯನ್ನು ಶಾಸಕರು ಆಪ್ತ ಸಹಾಯಕರ ಕೈಗೆ ದಾಟಿಸುತ್ತಾರೆ. ಒಂದೇ ಪುಟ ಸಾಕು, ಅದರಲ್ಲಿ ನಾಲ್ಕು ಸಂಗತಿ ಇರಲಿ: ಈಗಿನ ದರ, ನೀವು ಕೇಳುವ ದರ, ಸರ್ಕಾರಕ್ಕೆ ಆಗುವ ನಷ್ಟ, ಆ ನಷ್ಟ ತುಂಬಲು ಯಾವ ಖರ್ಚು ಬಿಡಬಹುದು. ಮೂರನೆಯದನ್ನು ಬಹಳ ಜನ ಬರೆಯುವುದೇ ಇಲ್ಲ, ಹಣಕಾಸು ಇಲಾಖೆ ಮೊದಲು ಕೇಳುವುದು ಅದನ್ನೇ. ಲೆಕ್ಕ ಹಾಕುವ ಬಗೆ: ನೋಂದಣಿ ಶುಲ್ಕ ಏರುವ ಮೊದಲು ಒಟ್ಟು ದರ ಶೇ 6.6 ಇದ್ದಾಗ ಇಟ್ಟ ಗುರಿ 28,000 ಕೋಟಿ. ಎಲ್ಲ ದಸ್ತಾವೇಜಿಗೂ ಒಂದೇ ದರ ಎಂದು ಭಾವಿಸಿ ಭಾಗಿಸಿದರೆ ಒಂದು ಶೇಕಡಾ ಅಂಶಕ್ಕೆ ಸುಮಾರು 4,200 ಕೋಟಿ. ಒರಟು ಲೆಕ್ಕವೇ, ಆದರೆ ಮಾತುಕತೆ ಶುರುವಾಗಲು ಸಾಕು. ದರ ಇಳಿದರೆ ವ್ಯವಹಾರ ಹೆಚ್ಚಿ ನಷ್ಟವೇ ಆಗುವುದಿಲ್ಲ ಎಂದು ಮಾತ್ರ ಬರೆಯಬೇಡಿ. ಸ್ವಲ್ಪ ಭಾಗ ವಾಪಸ್ ಬರುತ್ತದೆ, ಪೂರ್ತಿ ಬರುವುದು ಅಪರೂಪ. ಅಧಿಕಾರಿಗಳಿಗೆ ಅದು ಗೊತ್ತು, ನಿಮ್ಮ ಉಳಿದ ಮಾತನ್ನೂ ಅವರು ಕಡೆಗಣಿಸುತ್ತಾರೆ.

ನಿಮ್ಮ ಜಿಲ್ಲೆಯ ಅಂಕಿ ಬೇಕಿದ್ದರೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ. ಶುಲ್ಕ 10 ರೂಪಾಯಿ. ಕರ್ನಾಟಕದ ನಿಯಮದಂತೆ ಅರ್ಜಿ ಒಂದೇ ವಿಷಯಕ್ಕೆ ಸಂಬಂಧಿಸಿರಬೇಕು, 150 ಪದ ಮೀರಬಾರದು. ಇದನ್ನು ಮರೆತ ಅರ್ಜಿಗಳು ಆ ಕಾರಣಕ್ಕೇ ತಿರಸ್ಕೃತವಾಗುತ್ತವೆ. "ಏಕೆ" ಎಂದು ಕೇಳಬೇಡಿ, ದಾಖಲೆ ಕೇಳಿ: "2022-23ರಿಂದ 2024-25ರ ತನಕ ಗದಗ ಉಪನೋಂದಣಿ ಕಚೇರಿಯಲ್ಲಿ ವರ್ಷವಾರು ನೋಂದಣಿಯಾದ ಕ್ರಯಪತ್ರಗಳ ಸಂಖ್ಯೆ ಮತ್ತು ಸಂಗ್ರಹವಾದ ಶುಲ್ಕದ ಪ್ರತಿ ಒದಗಿಸಿ." 30 ದಿನದಲ್ಲಿ ಉತ್ತರ ಬಾರದಿದ್ದರೆ ಮುಂದಿನ 30 ದಿನದೊಳಗೆ ಮೊದಲ ಮೇಲ್ಮನವಿ, ಅದೂ ಫಲಿಸದಿದ್ದರೆ 90 ದಿನದೊಳಗೆ ಮಾಹಿತಿ ಆಯೋಗ.

ಶಾಸಕರಿಂದ "ಪ್ರಯತ್ನಿಸುತ್ತೇನೆ" ಎಂಬ ಮಾತು ತೆಗೆದುಕೊಂಡು ಎದ್ದು ಬರಬೇಡಿ. ಮುಂದಿನ ಅಧಿವೇಶನದಲ್ಲಿ ಚುಕ್ಕೆ ಗುರುತಿನ ಪ್ರಶ್ನೆ ಹಾಕುವಂತೆ ಕೇಳಿ, ಪ್ರಶ್ನೆಯನ್ನು ನೀವೇ ಬರೆದುಕೊಡಿ. ಸಚಿವರು ಸದನದಲ್ಲಿ ಕೊಟ್ಟ ಉತ್ತರ ಲಿಖಿತ ದಾಖಲೆಯಾಗುತ್ತದೆ. ವಿರೋಧ ಪಕ್ಷದ ಶಾಸಕರಿಗೂ ಅದೇ ಪುಟ ಕೊಡಿ. ಇವತ್ತು ಡೀಸೆಲ್ ತೆರಿಗೆ ವಿರುದ್ಧ ಧರಣಿ ಕೂತವರು ನಾಳೆ ಅಧಿಕಾರಕ್ಕೆ ಬಂದಾಗ, ಅವರ ಸಹಿ ಇರುವ ಪ್ರತಿ ನಿಮ್ಮ ಸಂಘದ ಕಡತದಲ್ಲಿರಬೇಕು.